ಗೋಡೆಗೇರುವ ಕೊಂಬು: ಕೋಗಳಿ ಸೀಮೆಯ ಕೃಷ್ಣಮೃಗ ಮತ್ತು ಶಿಕಾರಿಯ ಅಳತೆಗೋಲು

ಬೇಟೆಯಲ್ಲಿ ಬಿದ್ದ ಜಿಂಕೆಯ ತಲೆಯನ್ನು ತುಂಬಿಸಿ, ಮರದ ಫಲಕಕ್ಕೆ ಕೂರಿಸಿ ಗೋಡೆಗೆ ಏರಿಸಬೇಕೆ, ಅಥವಾ ಮಾಂಸವನ್ನಷ್ಟೇ ಹಂಚಿಕೊಂಡು ಉಳಿದುದನ್ನು ಬಿಟ್ಟುಬಿಡಬೇಕೆ ಎಂಬ ತೀರ್ಮಾನವು ಮೇಲ್ನೋಟಕ್ಕೆ ಒಬ್ಬ ಬೇಟೆಗಾರನ ಅಭಿರುಚಿಗೆ ಬಿಟ್ಟ ಸಂಗತಿಯಾಗಿ ಕಾಣುತ್ತದೆ. ಆದರೆ ಯಾವ ಕೊಂಬು ಗೋಡೆಗೆ ತಕ್ಕದ್ದು ಎಂಬುದನ್ನು ನಿರ್ಧರಿಸುವ ಅಳತೆಗಳು ಎಲ್ಲಿಂದಲೋ ಬಂದವು, ಕಾಲಕಾಲಕ್ಕೆ ಬದಲಾದವು, ಮತ್ತು ಯಾವ ಪ್ರಾಣಿ ಸಾಯಬೇಕು, ಯಾವುದು ಉಳಿಯಬೇಕು ಎಂಬುದನ್ನೂ ಅವೇ ಗೊತ್ತುಮಾಡಿದವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಬಯಲಿನಲ್ಲಿ, ಅಂದರೆ ಶಾಸನಗಳು ಕೋಗಳಿ ಐನೂರು ಎಂದು ಕರೆದ ಹಳೆಯ ನಾಡು ಮತ್ತು ಅದರ ಆಸುಪಾಸಿನಲ್ಲಿ, ಈ ಅಳತೆಗಳಿಗೆ ಹೆಚ್ಚಾಗಿ ಗುರಿಯಾದ ಪ್ರಾಣಿ ಕೃಷ್ಣಮೃಗ. ಆ ಬಯಲಿನ ಇತಿಹಾಸವನ್ನು ದೇವಾಲಯ, ಬಸದಿ, ಪಾಳೆಯಗಾರಿಕೆಗಳ ಮೂಲಕ ಬರೆದಿರುವಂತೆಯೇ ಈ ಪ್ರಾಣಿಯ ಕೊಂಬಿನ ಮೂಲಕವೂ ಬರೆಯಲು ಸಾಧ್ಯವಿದೆ.

ನೊಳಂಬವಾಡಿಗೆ ಸೇರಿದ್ದ ಕೋಗಳಿ ಐನೂರು ಎಂಬ ಆಡಳಿತ ವಿಭಾಗಕ್ಕೆ ಹೆಸರು ಕೊಟ್ಟ ಕೋಗಳಿ ಗ್ರಾಮವು ಇಂದು ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿದೆ; ಅಲ್ಲಿಯ ಬಸದಿಯನ್ನು ಗಂಗ ದೊರೆ ದುರ್ವಿನೀತನು ಕಟ್ಟಿಸಿದನೆಂದು ಕಲ್ಯಾಣ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, 1055ರ ಶಾಸನ ಹೇಳುತ್ತದೆ. ಈ ಸೀಮೆಯ ನೆಲ ಒಂದೇ ಬಗೆಯದಲ್ಲ. ಕೂಡ್ಲಿಗಿಯ ಕಡೆ ಮಸಾರಿ ಎಂದು ಕರೆಯುವ ಕೆಂಪು ಮಣ್ಣು, ಗುಡೇಕೋಟೆಯ ಸುತ್ತ ಕರಡಿ ಚಿರತೆಗಳಿಗೆ ನೆಲೆಯಾದ ಬಂಡೆಗುಡ್ಡಗಳು, ತುಂಗಭದ್ರೆಯತ್ತ ಸಾಗಿದಂತೆ ಎರೆ ಎನ್ನುವ ಕಪ್ಪು ಮಣ್ಣಿನ ಬಟ್ಟಬಯಲು. ಜೋಳ, ನವಣೆ, ಹತ್ತಿ ಬೆಳೆಯುವ ಹೊಲಗಳೂ ಅವುಗಳ ನಡುವೆ ಬೀಳುಬಿಟ್ಟ ಹುಲ್ಲುಗಾವಲುಗಳೂ ಕೂಡಿದ ಇಂಥ ಬಯಲೇ ಕೃಷ್ಣಮೃಗದ ನಿಜವಾದ ನೆಲೆ. ದಟ್ಟ ಕಾಡು ಅದಕ್ಕೆ ಒಗ್ಗುವುದಿಲ್ಲ, ಏಕೆಂದರೆ ದೂರದಿಂದಲೇ ಅಪಾಯವನ್ನು ಕಂಡು ಓಡಿ ಪಾರಾಗುವುದು ಅದರ ಬದುಕಿನ ಕ್ರಮ. ಈ ಸಂಗತಿ ಮುಂದೆ ಅದರ ಪಾಲಿಗೆ ಎಷ್ಟು ದುಬಾರಿಯಾಯಿತೆಂಬುದು ಕಾನೂನಿನ ಚರಿತ್ರೆಗೆ ಬಂದಾಗ ಕಾಣುತ್ತದೆ.

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಗರಿ ಎಂಬ ಹೆಸರಿರುವ ಈ ಪ್ರಾಣಿಯನ್ನು ಜನ ಜಿಂಕೆಯೆಂದೇ ಕರೆದರೂ ಪ್ರಾಣಿಶಾಸ್ತ್ರದ ವಿಂಗಡಣೆಯಲ್ಲಿ ಅದು ಚುಕ್ಕೆ ಜಿಂಕೆ, ಕಡವೆಗಳ ಕುಲಕ್ಕೆ ಸೇರಿದ್ದಲ್ಲ, ಹುಲ್ಲೆಗಳ ಗುಂಪಿನದು. ಕೊಂಬನ್ನು ಅಳೆಯುವವನಿಗೆ ಈ ಭೇದ ಮುಖ್ಯವಾದುದು. ಚುಕ್ಕೆ ಜಿಂಕೆ, ಕಡವೆಗಳ ಕವಲೊಡೆದ ಕೊಂಬು ಮೂಳೆಯಿಂದಾದದ್ದು. ಅದು ಬಿದ್ದು ಮತ್ತೆ ಹುಟ್ಟುತ್ತದೆ, ಬೆಳೆಯುವ ಕಾಲದಲ್ಲಿ ಅದರ ಮೇಲೆ ರಕ್ತನಾಳಗಳಿರುವ ಮೆತ್ತನೆಯ ತೊಗಲು ಹೊದಿಕೆ ಇರುತ್ತದೆ, ಆ ಹಂತದಲ್ಲಿ ಹೊಡೆದ ಪ್ರಾಣಿಯ ಕೊಂಬನ್ನು ಶಿಕಾರಿಯ ಸಂಪ್ರದಾಯವು ನಿರರ್ಥಕವೆಂದು ತಳ್ಳಿಹಾಕುತ್ತದೆ. ಕೃಷ್ಣಮೃಗದ ಕೊಂಬಾದರೋ ಮೂಳೆಯ ತಿರುಳಿನ ಮೇಲೆ ಉಗುರಿನ ಜಾತಿಯದೇ ವಸ್ತುವಿನ ಕವಚ ಬೆಳೆದು ಆದದ್ದು. ಅದು ಉದುರುವುದಿಲ್ಲ, ಗಂಡು ಬದುಕಿರುವಷ್ಟು ಕಾಲ ಉಳಿಯುತ್ತದೆ, ಕಾದಾಟದಲ್ಲಿ ತುದಿ ಮುರಿದರೆ ಮುರಿದೇ ಇರುತ್ತದೆ. ಮೊದಲ ವರ್ಷ ಸೂಜಿಯಂತೆ ನೆಟ್ಟಗಿರುವ ಕೊಂಬು ವಯಸ್ಸಾದಂತೆ ತಿರುಚಿಕೊಳ್ಳುತ್ತ ಹೋಗಿ, ಪ್ರಾಯದ ಗಂಡಿನಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ಸುರುಳಿಗಳನ್ನು ಪಡೆಯುತ್ತದೆ. ಅದೇ ಹೊತ್ತಿಗೆ ಮರಿಯ ಕಂದು ಮೈಬಣ್ಣವೂ ಬೆನ್ನಿನಿಂದ ಇಳಿಬರುತ್ತ ಕಪ್ಪಾಗುತ್ತದೆ. ಹೀಗೆ ವಯಸ್ಸು, ಬಲ, ಹಿಂಡಿನಲ್ಲಿನ ಸ್ಥಾನ ಎಲ್ಲವನ್ನೂ ಅದರ ತಲೆ ಮತ್ತು ಮೈಬಣ್ಣಗಳೇ ದೂರದಿಂದ ಸಾರಿಹೇಳುತ್ತವೆ.

ಶಿಕಾರಿಯ ಅಂಗುಲದ ಲೆಕ್ಕ ಬರುವುದಕ್ಕೆ ಬಹಳ ಮೊದಲೇ ಈ ನಾಡಿನಲ್ಲಿ ಬೇಟೆಗೆ ಶಾಸ್ತ್ರವಿತ್ತು. ಕೋಗಳಿಯನ್ನು ಆಳಿದ ಕಲ್ಯಾಣ ಚಾಲುಕ್ಯರ ಮನೆತನದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸವು ರಾಜನ ವಿನೋದಗಳನ್ನು ವಿವರಿಸುವಾಗ ಮೃಗಯೆಗೂ ಒಂದು ಭಾಗವನ್ನು ಮೀಸಲಿಟ್ಟು, ಪಳಗಿಸಿದ ಮೃಗವನ್ನು ಒಡ್ಡಿ ಕಾಡಿನ ಮೃಗವನ್ನು ಸೆಳೆಯುವ ಬೇಟೆಯೂ ಸೇರಿದಂತೆ ಹಲವು ವಿಧಾನಗಳನ್ನು ನಿರೂಪಿಸುತ್ತದೆ. ಪಳಗಿದ ಗಂಡಿನ ಕೊಂಬಿಗೆ ಉರುಳು ಕಟ್ಟಿ ಹಿಂಡಿನತ್ತ ಬಿಡುವುದು, ತನ್ನ ಎಲ್ಲೆಯೊಳಗೆ ಬಂದ ಹೊಸಬನನ್ನು ಕಂಡು ಹಿಂಡಿನ ಗಂಡು ಕಾಳಗಕ್ಕೆ ನುಗ್ಗಿ ಕೊಂಬುಗಳು ಹೆಣೆದುಕೊಂಡಾಗ ಉರುಳಿಗೆ ಸಿಕ್ಕಿಬೀಳುವುದು ಎಂಬ ಈ ಉಪಾಯ ಮೊಗಲರ ಕಾಲದಲ್ಲೂ ಬಳಕೆಯಲ್ಲಿತ್ತು. ಐನ್-ಇ-ಅಕ್ಬರಿ ಅದನ್ನು ವರ್ಣಿಸುತ್ತದೆ. ಇಲ್ಲಿಯೂ ಸಿಕ್ಕಿಬೀಳುತ್ತಿದ್ದುದು ಹಿಂಡಿನ ಅತ್ಯಂತ ಬಲಿಷ್ಠ ಗಂಡೇ ಎಂಬುದನ್ನು ಮರೆಯಬಾರದು. ಒಳ್ಳೆಯ ಗಂಡನ್ನೇ ಆರಿಸುವ ರೂಢಿಯನ್ನು ಪೂರ್ತಿಯಾಗಿ ವಸಾಹತು ಕಾಲದ ತಲೆಗೆ ಕಟ್ಟುವುದು ಚರಿತ್ರೆಗೆ ನ್ಯಾಯವಾಗುವುದಿಲ್ಲ. ಆದರೆ ಅಲ್ಲಿ ಆಯ್ಕೆ ಮಾಡುತ್ತಿದ್ದುದು ಪ್ರಾಣಿಯ ಹುರುಪೇ ಹೊರತು ಬೇಟೆಗಾರನ ಅಳತೆಪಟ್ಟಿಯಲ್ಲ, ಮತ್ತು ಹಿಡಿದ ಮೃಗದ ಬೆಲೆ ಅದರ ಜೀವದಲ್ಲಿತ್ತು. ಜಹಾಂಗೀರನು ತನ್ನ ಮೆಚ್ಚಿನ ಸಾಕುಹುಲ್ಲೆ ಸತ್ತಾಗ ಈಗ ಪಾಕಿಸ್ತಾನದಲ್ಲಿರುವ ಶೇಖುಪುರದಲ್ಲಿ ಹಿರನ್ ಮಿನಾರ್ ಕಟ್ಟಿಸಿದ್ದು ಅಂಥದೊಂದು ಬೆಲೆಕಟ್ಟುವಿಕೆಯ ಫಲ.

ಕನ್ನಡ ನಾಡಿನಲ್ಲಿ ಬೇಟೆಯ ನೆನಪನ್ನು ಕಾಪಿಡುವ ಬಗೆಯೂ ಬೇರೆಯಾಗಿತ್ತು. ಇಂದಿನ ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಸುಮಾರಿಗೆ ನಿಲ್ಲಿಸಿದ ಕಲ್ಲು, ಹಂದಿಯೊಡನೆ ಕಾದಾಡಿ ಅದರೊಂದಿಗೇ ಮಡಿದ ಕಾಳಿ ಎಂಬ ಬೇಟೆನಾಯಿಯ ಸ್ಮಾರಕವಾಗಿದೆ. ಅಲ್ಲಿ ಕಲ್ಲಿಗೆ ಅರ್ಹವೆನಿಸಿದ್ದು ನಾಯಿಯ ಕೆಚ್ಚು. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಪಟ್ಟಿಕೆಗಳಲ್ಲಿ ಬಿಲ್ಲು, ಈಟಿ ಹಿಡಿದ ಬೇಟೆಗಾರರೂ ಓಡುವ ಮೃಗಗಳೂ ಸಾಲುಗಟ್ಟಿರುವಾಗ ಕಣ್ಣಿಗೆ ಬೀಳುವುದು ಬೇಟೆಯ ಓಟವೇ, ಯಾವುದೋ ಒಂದು ತಲೆಯ ದೊಡ್ಡಸ್ತಿಕೆಯಲ್ಲ. ಮೃಗದ ದೇಹವು ಮನೆ ಅಥವಾ ಮಠದೊಳಗೆ ಬಂದಾಗಲೂ ಬಂದದ್ದು ಬಳಕೆಯ ವಸ್ತುವಾಗಿ. ಕೃಷ್ಣಾಜಿನವೆಂದು ಕರೆಯುವ ಈ ಮೃಗದ ಚರ್ಮವು ಯಜ್ಞ, ಉಪನಯನ, ತಪಸ್ಸುಗಳ ಆಚಾರದಲ್ಲಿ ವಿಧಿಸಲ್ಪಟ್ಟದ್ದು. ಅದರ ಕೊಂಬಿನ ಜೋಡಿಯನ್ನು ವಿರುದ್ಧ ದಿಕ್ಕಿಗೆ ಕಟ್ಟಿ ಫಕೀರರೂ ಬೈರಾಗಿಗಳೂ ಆತ್ಮರಕ್ಷಣೆಯ ಆಯುಧವಾಗಿ ಹಿಡಿಯುತ್ತಿದ್ದರು. ಚರ್ಮಕ್ಕೆ ಬೇಕಾದದ್ದು ತೂತಿಲ್ಲದ ಮೈ, ಆಯುಧಕ್ಕೆ ಬೇಕಾದದ್ದು ಮೊನೆ ಮುರಿಯದ ಕೊಂಬು. ಇವೆರಡೂ ಅರ್ಹತೆಗಳೇ, ಆದರೆ ಅವುಗಳನ್ನು ಪಟ್ಟಿಯಲ್ಲಿ ಬರೆದು ಮತ್ತೊಬ್ಬನದರೊಡನೆ ಹೋಲಿಸುವ ಅಗತ್ಯ ಯಾರಿಗೂ ಬರಲಿಲ್ಲ.

ಈ ಸೀಮೆಯಲ್ಲಿ ಬೇಟೆಯ ನಿಜವಾದ ವಿದ್ಯೆ ಇದ್ದದ್ದು ಬೇಡ ಸಮುದಾಯದಲ್ಲಿ. ಊರುಬೇಡರು, ಮ್ಯಾಸಬೇಡರು ಎಂಬ ಎರಡು ಕವಲುಗಳಾಗಿ ಗುರುತಿಸಿಕೊಂಡ ಈ ಜನರಲ್ಲಿ ಮ್ಯಾಸಬೇಡರು ಕೂಡ್ಲಿಗಿ, ಮೊಳಕಾಲ್ಮುರು, ಚಳ್ಳಕೆರೆಯ ಕಡೆ ದನಗಾಹಿಗಳಾಗಿ, ದೇವರ ಎತ್ತುಗಳ ಪಾಲಕರಾಗಿ ಬದುಕಿದವರು. ವಿಜಯನಗರವು 1565ರ ಯುದ್ಧದ ನಂತರ ಕುಸಿದಾಗ ಹರಪನಹಳ್ಳಿಯಲ್ಲಿ ಸಂಸ್ಥಾನ ಕಟ್ಟಿದ ದಾದಯ್ಯನೂ ಬೇಡ ಮೂಲದವನು. ಪಾಳೆಯಗಾರರ ಸೈನ್ಯಕ್ಕೆ ಬೇಕಾದ ಗುರಿ, ಹೆಜ್ಜೆ ಓದುವ ಕಣ್ಣು, ಬಿಸಿಲಿನಲ್ಲಿ ಹಗಲೆಲ್ಲ ನಡೆಯುವ ತಾಳ್ಮೆ ಇವೆಲ್ಲ ಬೇಟೆಯಲ್ಲಿ ಕಲಿತ ವಿದ್ಯೆಗಳೇ ಆಗಿದ್ದವು. ನಿಜಾಮನು 1800ರಲ್ಲಿ ಈ ತಾಲ್ಲೂಕುಗಳನ್ನೂ ಒಳಗೊಂಡ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟು, ಥಾಮಸ್ ಮನ್ರೋ ಅದರ ಮುಖ್ಯ ಕಲೆಕ್ಟರನಾಗಿ 1807ರವರೆಗೆ ಪಾಳೆಯಗಾರರ ಅಧಿಕಾರವನ್ನು ಮುರಿದ ಮೇಲೆ ಆ ವಿದ್ಯೆಗೆ ಒಡೆಯರಿಲ್ಲದಂತಾಯಿತು. 1857ರ ನಿಶ್ಶಸ್ತ್ರೀಕರಣಕ್ಕೆ ಮುಧೋಳ ಸೀಮೆಯ ಹಲಗಲಿಯ ಬೇಡರು ಎದುರು ನಿಂತು ಪ್ರಾಣ ಕೊಟ್ಟದ್ದನ್ನು ಕನ್ನಡದ ಲಾವಣಿಗಳು ಇಂದಿಗೂ ಹಾಡುತ್ತವೆ. ಅದರ ನಂತರ 1878ರ ಆಯುಧ ಕಾಯ್ದೆಯು ಬಂದೂಕನ್ನು ಪರವಾನಗಿಯ ವಸ್ತುವಾಗಿಸಿತು. ಹೀಗೆ ಬಂದೂಕು ಒಬ್ಬನ ಕೈಯಲ್ಲಿ, ಬೇಟೆಯ ತಿಳಿವಳಿಕೆ ಇನ್ನೊಬ್ಬನ ತಲೆಯಲ್ಲಿ ಉಳಿಯಿತು. ಬಳ್ಳಾರಿಯ ದಂಡಿನ ಅಧಿಕಾರಿಗಳ, ಕಲೆಕ್ಟರ್ ಕಚೇರಿಯ ದೊರೆಗಳ ಶಿಕಾರಿ ಬೆಳೆದದ್ದು ಈ ಒಡಕಿನ ಮೇಲೆ.

ಕೃಷ್ಣಮೃಗದ ಬಗ್ಗೆ ಈ ಭಾಗದಿಂದ ಬಂದ ಮೊದಲ ವ್ಯವಸ್ಥಿತ ಬರಹಗಳಲ್ಲಿ ಒಂದು, ತುಂಗಭದ್ರೆಯ ಆಚೆ ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ 1839ರಲ್ಲಿ ಪ್ರಕಟಿಸಿದ ಸಸ್ತನಿಗಳ ಪಟ್ಟಿ. ಕನ್ನಡ ಶಾಸನಗಳನ್ನು ಪ್ರತಿಮಾಡಿಸಿ ಸಂಗ್ರಹಿಸಿದ ಎಲಿಯಟ್ ಕೂಡ ಇದೇ ವ್ಯಕ್ತಿ. ಮದ್ರಾಸ್ ಸೈನ್ಯದ ವೈದ್ಯನಾಗಿದ್ದ ಥಾಮಸ್ ಜರ್ಡನ್ 1867ರ ತನ್ನ ಭಾರತದ ಸಸ್ತನಿಗಳ ಗ್ರಂಥದಲ್ಲಿ ಚಿಗರಿ ಎಂಬ ಕನ್ನಡದ ಹೆಸರನ್ನೇ ದಾಖಲಿಸಿದ್ದಾನೆ. ಅವರ ಕಾಲಕ್ಕೆ ತಲೆಯ ಅಳತೆ ಇನ್ನೂ ಸ್ಪರ್ಧೆಯಾಗಿರಲಿಲ್ಲ. ಅದನ್ನು ಸ್ಪರ್ಧೆಯಾಗಿಸಿದ ಎರಡು ಸಂಗತಿಗಳಲ್ಲಿ ಮೊದಲನೆಯದು ರೈಫಲ್. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯಿಂದ ಬಯಲಿನ ಮೃಗವನ್ನು ಹೊಡೆಯಬೇಕಾದರೆ ಹತ್ತಿರ ಹೋಗಲೇಬೇಕು, ಹತ್ತಿರ ಸಿಕ್ಕದ್ದನ್ನೇ ಹೊಡೆಯಬೇಕು. 19ನೇ ಶತಮಾನದ ಉತ್ತರಾರ್ಧದಲ್ಲಿ ಹಿಂಬದಿಯಿಂದ ತೋಟೆ ತುಂಬುವ ರೈಫಲ್ಲುಗಳು ಬಂದು ದೂರದ ಗುರಿ ಸಾಧ್ಯವಾದ ಮೇಲಷ್ಟೇ ಇಡೀ ಹಿಂಡನ್ನು ನೋಡಿ, ಅದರಲ್ಲಿ ಒಂದನ್ನು ಆರಿಸಿ, ಉಳಿದವನ್ನು ಬಿಡುವ ಆಯ್ಕೆ ಬೇಟೆಗಾರನಿಗೆ ದೊರೆಯಿತು.

ಎರಡನೆಯದು ಅಚ್ಚಾದ ದಾಖಲೆಪಟ್ಟಿ. ಲಂಡನ್ನಿನ ಪಿಕಾಡಿಲಿಯಲ್ಲಿ ಪ್ರಾಣಿಗಳ ಚರ್ಮ ತುಂಬುವ ಅಂಗಡಿ ನಡೆಸುತ್ತಿದ್ದ ರೋಲಂಡ್ ವಾರ್ಡ್ 1892ರಲ್ಲಿ ಜಗತ್ತಿನ ದೊಡ್ಡ ಬೇಟೆಪ್ರಾಣಿಗಳ ಕೊಂಬಿನ ಅಳತೆ ಮತ್ತು ತೂಕಗಳ ಪುಸ್ತಕವನ್ನು ಹೊರತಂದನು. ಮುಂದಿನ ಆವೃತ್ತಿಗಳಲ್ಲಿ ಅದು ರೆಕಾರ್ಡ್ಸ್ ಆಫ್ ಬಿಗ್ ಗೇಮ್ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಪ್ರತಿ ಜಾತಿಯ ಪ್ರಾಣಿಗೆ ಕೊಂಬಿನ ಉದ್ದ, ಬುಡದ ಸುತ್ತಳತೆ, ಎರಡು ತುದಿಗಳ ನಡುವಿನ ಅಂತರ, ಹೊಡೆದ ಸ್ಥಳ, ಒಡೆಯನ ಹೆಸರು ಎಂಬ ಕ್ರಮದಲ್ಲಿ ಉದ್ದವಾದದ್ದು ಮೇಲೆ, ಗಿಡ್ಡದ್ದು ಕೆಳಗೆ ಬರುವಂತೆ ಜೋಡಿಸಿದ ಆ ಪಟ್ಟಿಯು ಕ್ರಮೇಣ ಸೇರ್ಪಡೆಗೆ ಕನಿಷ್ಠ ಅಳತೆಯನ್ನೂ ಗೊತ್ತುಪಡಿಸಿತು. ಬಯಲಿನಲ್ಲಿ ಬಿದ್ದ ಪ್ರಾಣಿಯ ಅರ್ಹತೆಯನ್ನು ಸಾವಿರಾರು ಮೈಲಿ ಆಚೆಯ ಅಂಗಡಿಯೊಂದು ನಿರ್ಧರಿಸುವ ಸ್ಥಿತಿ ಬಂದದ್ದು ಹೀಗೆ.

ಈ ಪಟ್ಟಿ ಬಳ್ಳಾರಿಯ ಬೇಟೆಗಾರನಿಗೆ ಅನುಕೂಲವಾಗಿರಲಿಲ್ಲ. ಕೃಷ್ಣಮೃಗದ ಕೊಂಬು ಉತ್ತರಕ್ಕೆ ಹೋದಂತೆ ಉದ್ದವಾಗುತ್ತದೆ. ರಾಜಪುತಾನ, ಪಂಜಾಬ್ ಬಯಲುಗಳಲ್ಲಿ 24 ಅಂಗುಲ ಮತ್ತು ಅದಕ್ಕೂ ಮೀರಿದ ಕೊಂಬುಗಳು ಸಿಗುತ್ತಿದ್ದರೆ ದಕ್ಷಿಣದಲ್ಲಿ 20 ಅಂಗುಲ ದಾಟುವುದೇ ಅಪರೂಪವೆಂದು ಆ ಕಾಲದ ಪ್ರಾಣಿಶಾಸ್ತ್ರಜ್ಞರು ಗುರುತಿಸಿದ್ದಾರೆ. ಹಳೆಯ ಶಿಕಾರಿ ಬರಹಗಳಲ್ಲಿ ಕೃಷ್ಣಮೃಗದ ಕೊಂಬನ್ನು ಸಾಮಾನ್ಯವಾಗಿ ಸುರುಳಿಯ ಸುತ್ತ ಅಳೆಯದೆ ಬುಡದಿಂದ ತುದಿಗೆ ನೇರವಾಗಿ ಅಳೆಯುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು. ಮೈಬಣ್ಣದಲ್ಲೂ ದಕ್ಷಿಣದ ಗಂಡು ಹಿಂದುಳಿಯುತ್ತಿತ್ತು: ಉತ್ತರದ ಪ್ರಾಯದ ಗಂಡು ಮಳೆಗಾಲದ ನಂತರ ಹೊಸ ಕೂದಲು ಬಂದಾಗ ಕಾಡಿಗೆಯಷ್ಟು ಕಪ್ಪಾದರೆ ದಕ್ಷಿಣದ ಗಂಡುಗಳಲ್ಲಿ ಹೆಚ್ಚಿನವು ಗಾಢ ಕಂದಿನಲ್ಲೇ ನಿಲ್ಲುತ್ತವೆ, ಬೇಸಿಗೆಯಲ್ಲಿ ಆ ಕಂದೂ ಮಾಸುತ್ತದೆ. ಹೀಗಾಗಿ ಲಂಡನ್ನಿನ ಪಟ್ಟಿಯ ಪ್ರಕಾರ ಸಾಧಾರಣವೆನಿಸುವ ಕೊಂಬು ಈ ಸೀಮೆಯ ಮಟ್ಟಿಗೆ ಅತ್ಯುತ್ತಮವಾಗಿರಬಹುದಿತ್ತು. ದಕ್ಷಿಣದಲ್ಲಿ ಬೇಟೆಯಾಡುವವನಿಗೆ ಎರಡು ಅಳತೆಗೋಲುಗಳು ಬೇಕಾದವು, ಒಂದು ಜಗತ್ತಿನದು, ಇನ್ನೊಂದು ಸ್ಥಳದ್ದು. ಎರಡನೆಯದು ಯಾವ ಪುಸ್ತಕದಲ್ಲೂ ಇರಲಿಲ್ಲ, ಅದನ್ನು ಬಲ್ಲವರು ದಿನವೂ ಹಿಂಡುಗಳನ್ನು ನೋಡುವ ಊರಿನ ಜನರು.

ಈ ಬೇಟೆಯಲ್ಲಿ ನಿರ್ಣಾಯಕವಾದ ಘಳಿಗೆ ಗುಂಡು ಹಾರುವುದಕ್ಕೆ ಮುಂಚೆಯೇ ಬರುತ್ತಿತ್ತು, ಮತ್ತು ಆ ಘಳಿಗೆಯಲ್ಲಿ ಮಾತಾಡುವ ಹಕ್ಕು ಇದ್ದದ್ದು ದಾರಿ ತೋರುವ ಶಿಕಾರಿಗೆ. ಶಿಕಾರಿ ಎಂಬ ಪದ ಬೇಟೆ ಮತ್ತು ಬೇಟೆಯ ಮಾರ್ಗದರ್ಶಕ ಎರಡಕ್ಕೂ ಸಲ್ಲುತ್ತದೆ. ಇಲ್ಲಿ ಎರಡನೆಯ ಅರ್ಥ. ಹೊಲ ಉಳುವ ಎತ್ತುಗಳನ್ನೂ ಎತ್ತಿನ ಬಂಡಿಯನ್ನೂ ದಿನವೂ ಕಂಡು ಅಭ್ಯಾಸವಾದ ಮೃಗಗಳು ಕಾಲ್ನಡಿಗೆಯ ಅಪರಿಚಿತನನ್ನು ಕಂಡಾಗ ಬೆದರುವಷ್ಟು ಬಂಡಿಗೆ ಬೆದರುವುದಿಲ್ಲವಾದ್ದರಿಂದ, ಬಂಡಿಯ ಮರೆಯಲ್ಲಿ ಹಿಂಡಿನತ್ತ ನೇರವಾಗಿ ಹೋಗದೆ ಓರೆಯಾಗಿ, ದಾಟಿಹೋಗುವವರಂತೆ ಸಾಗುತ್ತ ಹತ್ತಿರವಾಗುವುದು ಬಯಲು ಬೇಟೆಯ ಪ್ರಸಿದ್ಧ ಕ್ರಮವಾಗಿತ್ತು. ಆ ನಡಿಗೆಯಲ್ಲಿ ಶಿಕಾರಿಯ ಕಣ್ಣು ಕೊಂಬನ್ನು ಕಿವಿಯ ಉದ್ದದೊಡನೆ ಹೋಲಿಸುತ್ತದೆ, ಏಕೆಂದರೆ ಪ್ರಾಯದ ಗಂಡುಗಳ ಕಿವಿಯ ಉದ್ದ ಹೆಚ್ಚು ಬದಲಾಗುವುದಿಲ್ಲ, ಕೊಂಬಿನದು ಬದಲಾಗುತ್ತದೆ. ಎರಡು ಕೊಂಬುಗಳು ಅಗಲವಾಗಿ ಚಾಚಿಕೊಂಡಿದ್ದರೆ ಅವು ನಿಜಕ್ಕಿಂತ ಗಿಡ್ಡವಾಗಿ, ಹತ್ತಿರವಾಗಿ ನೆಟ್ಟಗಿದ್ದರೆ ನಿಜಕ್ಕಿಂತ ಉದ್ದವಾಗಿ ತೋರಬಹುದು. ಪ್ರಾಣಿ ಎದುರಾಗಿ ನಿಂತಾಗ ಹರವು ಕಾಣುತ್ತದೆ, ಮಗ್ಗುಲಾಗಿ ನಿಂತಾಗಲಷ್ಟೇ ಸುರುಳಿಗಳ ಆಳ ತಿಳಿಯುತ್ತದೆ. ಬಿಸಿಲೇರಿ ನೆಲದಿಂದ ಬಿಸಿಗಾಳಿ ಅಲೆಯಾಡುವ ಹೊತ್ತಿಗೆ ಈ ಯಾವ ಅಂದಾಜೂ ನಂಬಿಕೆಗೆ ತಕ್ಕದ್ದಾಗಿ ಉಳಿಯುವುದಿಲ್ಲ, ಆದ್ದರಿಂದ ನಿರ್ಣಯವು ಬೆಳಗಿನ ಅಥವಾ ಇಳಿಹೊತ್ತಿನ ಬೆಳಕಿನದಾಗಿರಬೇಕು. ಗಂಡಿನ ನಡಿಗೆಯೂ ಒಂದು ಸುಳಿವು: ತಲೆ ಎತ್ತಿ, ಮೂತಿಯನ್ನು ಮುಂದಕ್ಕೆ ಚಾಚಿ, ಕೊಂಬನ್ನು ಬೆನ್ನಿಗೆ ಒರಗಿಸಿ ತನ್ನ ನೆಲದ ಎಲ್ಲೆಯಲ್ಲಿ ಸುತ್ತುವ ಕಪ್ಪು ಗಂಡು ಹಿಂಡಿನ ಯಜಮಾನ, ಪಕ್ಕದಲ್ಲಿ ಗಂಡುಗಳದೇ ಗುಂಪಿನಲ್ಲಿ ಮೇಯುವ ಕಂದು ಗಂಡುಗಳು ಇನ್ನೂ ಆ ಸ್ಥಾನಕ್ಕೆ ಬಾರದವು.

ಇಷ್ಟನ್ನು ಬರಿಗಣ್ಣಿನಲ್ಲಿ ಓದಿ ಯಾವುದನ್ನು ಹೊಡೆಯಬೇಕು, ಯಾವುದನ್ನು ಇನ್ನೆರಡು ವರ್ಷ ಬಿಡಬೇಕು ಎಂದು ಹೇಳಬಲ್ಲವನ ಹೆಸರು ಗೋಡೆಯ ಮೇಲಿನ ಫಲಕಗಳಲ್ಲಿ ಕಾಣಸಿಗುವುದಿಲ್ಲ. ಫಲಕದ ಮೇಲೆ ಬರೆಯುವ ವಾಡಿಕೆ ಇದ್ದದ್ದು ಅಂಗುಲ, ಸ್ಥಳ, ತಾರೀಖು ಮತ್ತು ಗುಂಡು ಹಾರಿಸಿದವನ ಹೆಸರು. ಅರ್ಹತೆಯನ್ನು ನಿರ್ಣಯಿಸಿದ ಕಣ್ಣಿಗೆ ಸಲ್ಲಬೇಕಾದ ಗೌರವ ಇನಾಮಿನ ರೂಪದಲ್ಲಿ, ಮಾಂಸದ ಪಾಲಿನ ರೂಪದಲ್ಲಿ ಮುಗಿದುಹೋಯಿತು. ಶಿಕಾರಿಯ ಚರಿತ್ರೆಯನ್ನು ಇಂಗ್ಲಿಷ್ ಬರಹಗಳಿಂದಲೇ ಕಟ್ಟಿಕೊಂಡು ಬಂದಿರುವುದರಲ್ಲಿರುವ ದೊಡ್ಡ ಕೊರತೆ ಇದು, ಮತ್ತು ಕೂಡ್ಲಿಗಿ, ಹರಪನಹಳ್ಳಿಗಳ ಹಿರಿಯರ ನೆನಪುಗಳನ್ನು ಇನ್ನಾದರೂ ಬರೆದಿಟ್ಟುಕೊಳ್ಳದಿದ್ದರೆ ಆ ಕೊರತೆ ತುಂಬುವುದಿಲ್ಲ.

ಪ್ರಾಣಿ ಬಿದ್ದ ಮೇಲೆ ಎರಡನೆಯ ನಿರ್ಣಯ. ಈಗ ಅಳತೆಪಟ್ಟಿ ಹೊರಬರುತ್ತದೆ, ಆದರೆ ಉದ್ದವೊಂದೇ ಸಾಲದು. ಎರಡು ಕೊಂಬುಗಳು ಒಂದಕ್ಕೊಂದು ಸರಿಸಮನಾಗಿವೆಯೇ, ಬುಡದ ಉಂಗುರಗಳು ಸವೆಯದೆ ಎದ್ದು ಕಾಣುತ್ತವೆಯೇ, ತುದಿ ಮುರಿದಿದೆಯೇ ಎಂಬುದನ್ನು ನೋಡಬೇಕು. ಅದರ ನಂತರ ಚರ್ಮದ ಪ್ರಶ್ನೆ. ತಲೆಯನ್ನು ಕತ್ತಿನ ಸಮೇತ ತುಂಬಿಸಬೇಕಾದರೆ ಭುಜದವರೆಗಿನ ಚರ್ಮ ಒಡೆಯದೆ ಉಳಿದಿರಬೇಕು, ಸುಲಿಯುವಾಗ ಕತ್ತಿನ ಹಿಂಬದಿಯಲ್ಲಿ ಮಾತ್ರ ಸೀಳು ಹಾಕಬೇಕು, ಏಕೆಂದರೆ ಗೋಡೆಯ ಮೇಲೆ ನೋಡುವವರಿಗೆ ಕಾಣುವುದು ಗಂಟಲಿನ ಭಾಗ. ಮುಸ್ಲಿಂ ಸಹಾಯಕರಿದ್ದ ಬೇಟೆಗಳಲ್ಲಿ ಪ್ರಾಣಿಗೆ ಜೀವವಿರುವಾಗಲೇ ಗಂಟಲು ಕೊಯ್ದು ಹಲಾಲ್ ಮಾಡುವುದು ಅವರ ಧರ್ಮಕ್ಕೆ ಅಗತ್ಯವಾದ ಕ್ರಮ. ಮೇಲ್ಗಂಟಲಿನಲ್ಲಿ ಬಿದ್ದ ಆ ಕೊಯ್ತದಿಂದ ಚರ್ಮ ಕೆಟ್ಟಿತೆಂಬ ದೂರು ಶಿಕಾರಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಒಂದೇ ಪ್ರಾಣಿಯ ಕತ್ತಿನಲ್ಲಿ ಊಟದ ಅರ್ಹತೆ ಮತ್ತು ಗೋಡೆಯ ಅರ್ಹತೆಗಳು ಎದುರುಬದುರಾದ ಜಾಗ ಅದು. ಊಟದ ಕಡೆಗಿದ್ದ ಹಕ್ಕು ಸಣ್ಣದಾಗಿರಲಿಲ್ಲ: ಪ್ರಾಯದ ಗಂಡೊಂದು ಸುಮಾರು 40 ಕಿಲೋ ತೂಗುತ್ತದೆ, ಅದರ ಮಾಂಸವನ್ನು ಬಂಡಿಯವನು, ಕೂಲಿಯಾಳುಗಳು ಎಲ್ಲರೂ ಎದುರುನೋಡುತ್ತಿದ್ದರು.

ಬಳ್ಳಾರಿ ಸೀಮೆಯ ಬಿಸಿಲು ಈ ಎರಡನೆಯ ನಿರ್ಣಯಕ್ಕೆ ಅವಕಾಶ ಕಡಿಮೆ ಕೊಡುತ್ತಿತ್ತು. ಸತ್ತ ಪ್ರಾಣಿಯ ಚರ್ಮವನ್ನು ಬೇಗ ಸುಲಿದು, ಕೊಬ್ಬು ಮಾಂಸಗಳನ್ನು ಹೆರೆದು, ತುಟಿ, ಕಿವಿ, ಕಣ್ಣರೆಪ್ಪೆಗಳನ್ನು ಒಳಗಿನಿಂದ ಬಿಡಿಸಿ, ಉಪ್ಪು ಅಥವಾ ಪಟಿಕ ಉಜ್ಜಿ ನೆರಳಿನಲ್ಲಿ ಒಣಗಿಸದಿದ್ದರೆ ಕೊಳೆತ ಆರಂಭವಾಗಿ ಕೂದಲು ಹಿಡಿಹಿಡಿಯಾಗಿ ಉದುರುತ್ತದೆ. ಬಿಸಿಲಿನಲ್ಲಿ ಒಣಗಿಸಿದರೆ ಚರ್ಮ ಹಪ್ಪಳದಂತೆ ಸೆಟೆದು ಮತ್ತೆ ಮೆತ್ತಗಾಗುವುದಿಲ್ಲ. ಆದ್ದರಿಂದ ಮೂರು ದರ್ಜೆಗಳ ತೀರ್ಮಾನ ರೂಢಿಯಾಯಿತು. ಕೊಂಬೂ ಚರ್ಮವೂ ಚೆನ್ನಾಗಿದ್ದರೆ ಇಡೀ ತಲೆಯನ್ನು ಕತ್ತಿನೊಡನೆ ತುಂಬಿಸುವುದು, ಕೊಂಬು ಚೆನ್ನಾಗಿದ್ದು ಚರ್ಮ ಕೆಟ್ಟಿದ್ದರೆ ಹಣೆಯ ಮೂಳೆಯೊಡನೆ ಕೊಂಬನ್ನಷ್ಟೇ ಫಲಕಕ್ಕೆ ಹಚ್ಚುವುದು, ಎರಡೂ ಸಾಧಾರಣವಾಗಿದ್ದರೆ ಬಿಡುವುದು. ತುಂಬಿಸುವ ಖರ್ಚು ಮತ್ತು ಸಾಗಿಸುವ ತಾಪತ್ರಯಗಳಿಂದಾಗಿ ಈ ಮೂರರಲ್ಲಿ ನಡುವಿನದು ಸಣ್ಣ ಅಧಿಕಾರಿಗಳ ಬಂಗಲೆಗಳಿಗೆ ಹೊಂದುತ್ತಿತ್ತು.

ಇಡೀ ತಲೆಯ ಕೆಲಸಕ್ಕೆ ದಕ್ಷಿಣ ಭಾರತದಲ್ಲಿ ಎಲ್ಲರೂ ನೋಡುತ್ತಿದ್ದುದು ಮೈಸೂರಿನತ್ತ. ಯೂಜಿನ್ ವ್ಯಾನ್ ಇಂಗನ್ 1900ರ ಸುಮಾರಿಗೆ ಅಲ್ಲಿ ಸ್ಥಾಪಿಸಿದ ವ್ಯಾನ್ ಇಂಗನ್ ಅಂಡ್ ವ್ಯಾನ್ ಇಂಗನ್ ಸಂಸ್ಥೆಯು ಮೈಸೂರು ಅರಸರೂ ಸೇರಿದಂತೆ ಸಂಸ್ಥಾನಿಕರ, ಬ್ರಿಟಿಷ್ ಅಧಿಕಾರಿಗಳ ಬೇಟೆಯ ಪ್ರಾಣಿಗಳನ್ನು ತುಂಬಿಸಿಕೊಟ್ಟು ಜಗತ್ಪ್ರಸಿದ್ಧವಾಯಿತು. ಅವರ ಕೈಯಿಂದ ಹೊರಬಂದ ಹುಲಿ ಚಿರತೆಗಳ ಸಂಖ್ಯೆಯನ್ನೇ 40,000ಕ್ಕೂ ಹೆಚ್ಚೆಂದು ಅಂದಾಜಿಸಲಾಗಿದೆ. ಚರ್ಮ ತುಂಬುವ ಈ ಕಲೆಗೆ ಟ್ಯಾಕ್ಸಿಡರ್ಮಿ ಎನ್ನುತ್ತಾರೆ. ಹಿಂದೆ ಹುಲ್ಲು, ಹೊಟ್ಟು ತುರುಕಿ ಚೀಲದಂತೆ ಉಬ್ಬಿಸುತ್ತಿದ್ದ ಚರ್ಮವನ್ನು, ಸ್ನಾಯುಗಳ ಏರಿಳಿತವನ್ನೆಲ್ಲ ತೋರುವ ಅಚ್ಚಿನಿಂದ ತೆಗೆದ ಕಾಗದದ ಮಂಡದ ಹಗುರ ದೇಹಾಕೃತಿಗಳ ಮೇಲೆ ಹೊದಿಸಿ, ಗಾಜಿನ ಕಣ್ಣು ಕೂರಿಸುವುದು ಅವರ ವಿಶೇಷತೆ. ಯೂಜಿನ್‌ರ ಮಕ್ಕಳು ಮುಂದುವರಿಸಿದ ಆ ಸಂಸ್ಥೆ 1999ರಲ್ಲಿ ಮುಚ್ಚಿತು. ಅವರಲ್ಲಿ ಕೊನೆಯವರಾದ ಜೂಬರ್ಟ್ ವ್ಯಾನ್ ಇಂಗನ್ ನೂರು ವರ್ಷ ಬಾಳಿ 2013ರಲ್ಲಿ ತೀರಿಕೊಂಡರು. ಆ ಕೈಚಳಕದ ಹಿರಿಮೆಯನ್ನು ಒಪ್ಪಿಕೊಳ್ಳುವಾಗಲೇ, ಹುಲಿ ಚಿರತೆಗಳ ಆ ಸಂಖ್ಯೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲದೆ ಮುಂದೆ ಹೋಗಲಾಗದು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಅರ್ಹತೆಯೂ ಈ ಸೀಮೆಗೆ ಬಂತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಆರಂಭಿಸಿದ ಸಸ್ತನಿಗಳ ಸಮೀಕ್ಷೆಯ ಸಂಗ್ರಾಹಕರು ಬಳ್ಳಾರಿ ಜಿಲ್ಲೆಯಲ್ಲೂ, ಹಂಪೆಯ ಸುತ್ತಲೂ ಕೆಲಸ ಮಾಡಿದರು. ವಸ್ತುಸಂಗ್ರಹಾಲಯಕ್ಕೆ ಬೇಕಾದದ್ದು ಅತಿ ಉದ್ದದ ಕೊಂಬಲ್ಲ. ಆ ಸ್ಥಳದ ಸಾಮಾನ್ಯ ಪ್ರಾಣಿ, ಹೆಣ್ಣು, ಮರಿ, ಮತ್ತು ಅವುಗಳಿಗೆ ಕಟ್ಟಿದ ಚೀಟಿಯಲ್ಲಿ ನಿಖರವಾದ ಸ್ಥಳ, ತಾರೀಖು, ದೇಹದ ಅಳತೆಗಳು. ಬೇಟೆಗಾರನು ತಿರಸ್ಕರಿಸುವ ಪ್ರಾಣಿಯೇ ಅಲ್ಲಿ ಅಮೂಲ್ಯ. ಗೋಡೆಗೇರಿದ ಸಾಲುಸಾಲು ತಲೆಗಳಿಂದ ಒಂದು ಸೀಮೆಯ ಪ್ರಾಣಿಗಳು ಹೇಗಿದ್ದವೆಂದು ತಿಳಿಯಹೊರಟರೆ ತಪ್ಪು ಚಿತ್ರ ಸಿಗುವುದು ಇದೇ ಕಾರಣಕ್ಕೆ. ಅವು ಅಪವಾದಗಳ ಸಂಗ್ರಹ.

ಅಪವಾದಗಳನ್ನೇ ಆರಿಸಿ ಕೊಲ್ಲುವ ರೂಢಿ ಹಿಂಡಿಗೆ ಏನು ಮಾಡಿತು ಎಂಬುದು ಮುಂದಿನ ಪ್ರಶ್ನೆ. ನೆಲ ಹಿಡಿದು ಹೆಣ್ಣುಗಳನ್ನು ಸೆಳೆಯುವ ಕಪ್ಪು ಗಂಡುಗಳೇ ಸಂತಾನದ ಹೆಚ್ಚಿನ ಭಾಗಕ್ಕೆ ತಂದೆಗಳು. ಚಿರತೆ, ತೋಳಗಳು ಸಿಕ್ಕ ಮರಿಯನ್ನೋ ಕುಂಟುವುದನ್ನೋ ಹಿಡಿದರೆ ಅಳತೆಪಟ್ಟಿ ಹಿಡಿದ ಮನುಷ್ಯ ಹುಡುಕಿದ್ದು ಅದಕ್ಕೆ ತದ್ವಿರುದ್ಧವಾದದ್ದನ್ನು. ಹಾಗೆಂದು ಕೋಗಳಿ ಸೀಮೆಯ ಬಯಲು ಬರಿದಾದದ್ದಕ್ಕೆ ಫಲಕಕ್ಕೇರಿದ ತಲೆಗಳೇ ಮುಖ್ಯ ಕಾರಣವೆಂದು ಹೇಳುವುದು ಅತಿಯಾಗುತ್ತದೆ. ಹುಲ್ಲುಗಾವಲು ಹೊಲವಾದದ್ದು, 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ನದಿಯಂಚಿನ ಬಯಲು ಮುಳುಗಿದ್ದು, ಬೆಳೆ ಕಾಯಲು ಕೊಟ್ಟ ಬಂದೂಕುಗಳು, ಎರಡನೆಯ ಮಹಾಯುದ್ಧದ ನಂತರ ಬಂದ ಜೀಪು ಮತ್ತು ಅದರ ದೀಪದ ಬೆಳಕಿನಲ್ಲಿ ಕಣ್ಣು ಕುಕ್ಕಿ ನಿಂತ ಪ್ರಾಣಿಯನ್ನು ಹೊಡೆಯುವ ರಾತ್ರಿ ಬೇಟೆ, ಇವು ಸೇರಿ ಮಾಡಿದ ಹಾನಿ ದೊಡ್ಡದು. ರಾತ್ರಿ ಬೇಟೆಯಲ್ಲಿ ಅರ್ಹತೆಯ ಪ್ರಶ್ನೆಯೇ ಏಳಲಿಲ್ಲ. ಹೆಣ್ಣು, ಮರಿ, ಗಂಡು ಎಲ್ಲವೂ ಮಾಂಸ.

ಕಾನೂನು ಕೂಡ ಈ ಪ್ರಾಣಿಯನ್ನು ಬಹುಕಾಲ ಕೈಬಿಟ್ಟಿತ್ತು. 1882ರ ಮದ್ರಾಸ್ ಅರಣ್ಯ ಕಾಯ್ದೆಯಡಿ ಬೇಟೆಯ ನಿಯಮಗಳು ಅನ್ವಯಿಸಿದ್ದು ಕಾದಿಟ್ಟ ಅರಣ್ಯಗಳಿಗೆ. ಕೃಷ್ಣಮೃಗವಾದರೋ ರೈತನ ಹೊಲದಲ್ಲಿ, ಬೀಳುನೆಲದಲ್ಲಿ ಬದುಕುವ ಜೀವಿ. 1912ರ ವನ್ಯಪಕ್ಷಿ ಮತ್ತು ಪ್ರಾಣಿ ರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಹುಲ್ಲೆಗಳು ಸೇರಿದ್ದರೂ ಆಸ್ತಿ ರಕ್ಷಣೆಗಾಗಿ ಕೊಲ್ಲುವುದಕ್ಕೆ ಅದು ವಿನಾಯಿತಿ ಕೊಟ್ಟಿತ್ತು, ಹೊಲದಲ್ಲಿ ಮೇಯುವ ಮೃಗದ ಪಾಲಿಗೆ ಆ ವಿನಾಯಿತಿ ಸಾಕಷ್ಟು ಅಗಲವಾದ ಬಾಗಿಲು. ನಿಜವಾದ ತಿರುವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ. ಅದು ಕೃಷ್ಣಮೃಗವನ್ನು ಒಂದನೆಯ ಅನುಸೂಚಿಗೆ ಸೇರಿಸಿ ಪೂರ್ಣ ರಕ್ಷಣೆ ಕೊಟ್ಟಿತು. ಹರಪನಹಳ್ಳಿಯಿಂದ ಹೊಳೆಯ ಆಚೆ, ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ ಏರ್ಪಟ್ಟಿತು. 1986ರ ತಿದ್ದುಪಡಿ ಇಂಥ ಪ್ರಾಣಿಗಳ ಕೊಂಬು, ಚರ್ಮಗಳ ವ್ಯಾಪಾರವನ್ನು ನಿಲ್ಲಿಸಿತು. 1991ರ ತಿದ್ದುಪಡಿಯೊಂದಿಗೆ ಪರವಾನಗಿಯ ಬೇಟೆಯ ಯುಗವೇ ಮುಗಿಯಿತು.

ಅಲ್ಲಿಂದ ಮುಂದೆ ಗೋಡೆಯ ಮೇಲಿನ ಕೊಂಬಿನ ಅರ್ಹತೆಯನ್ನು ನಿರ್ಧರಿಸುವುದು ಅಂಗುಲವಲ್ಲ, ಕಾಗದ. ಕಾಯ್ದೆಯು ಪ್ರಾಣಿಯ ಇಡಿಯಾದ ಅಥವಾ ಯಾವುದೇ ಭಾಗದ ಕಾಪಿಟ್ಟ ರೂಪವನ್ನು, ಅದು ತುಂಬಿಸಿದ ತಲೆಯಾಗಲಿ ಬರಿಯ ಕೊಂಬಾಗಲಿ, ಟ್ರೋಫಿ ಎಂಬ ಒಂದೇ ವರ್ಗಕ್ಕೆ ಸೇರಿಸಿ, ಅಂಥದನ್ನು ಹೊಂದಿದವರು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಸಲ್ಲಿಸಿ ಒಡೆತನದ ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿತು. ಮೊದಲಿಗೆ 30 ದಿನಗಳ, 2003ರಲ್ಲಿ ಮತ್ತೊಮ್ಮೆ 180 ದಿನಗಳ ಗಡುವು ದೊರೆತರೂ ಹಳೆಯ ಮನೆಗಳ ಪಡಸಾಲೆಗಳಲ್ಲಿ ಪ್ರಮಾಣಪತ್ರವಿಲ್ಲದ ಕೊಂಬುಗಳು ಉಳಿದೇ ಇದ್ದವು. ಕರ್ನಾಟಕ ಸರ್ಕಾರವು 2024ರ ಆರಂಭದಲ್ಲಿ ಅಂಥವನ್ನು ಒಪ್ಪಿಸಲು ಮೂರು ತಿಂಗಳ ಒಂದು ಅವಕಾಶ ಕೊಟ್ಟಿತು. ಅಜ್ಜನೋ ಮುತ್ತಜ್ಜನೋ ಹೊಡೆದ ಪ್ರಾಣಿಯ ತಲೆ ಇಂದು ಮೊಮ್ಮಗನಿಗೆ ಬಂದರೂ ಬರುವುದು ಉತ್ತರಾಧಿಕಾರವಾಗಿ ಮಾತ್ರ, ಮಾರಾಟವಾಗಿ ಅಲ್ಲ.

ಒಪ್ಪಿಸಿದ ಅಥವಾ ಜಪ್ತಿಯಾದ ಇಂಥ ವಸ್ತುಗಳನ್ನು ಸುಟ್ಟು ನಾಶಪಡಿಸುವ ಕ್ರಮಕ್ಕೆ ಕಳ್ಳವ್ಯಾಪಾರ ತಡೆಯುವ ಸಮರ್ಥನೆಯಿದೆ, ಅದನ್ನು ಅಲ್ಲಗಳೆಯಲಾಗದು. ಆದರೆ ಬಳ್ಳಾರಿ ಸೀಮೆಯ ಹಳೆಯ ಫಲಕದ ಹಿಂಬದಿಯಲ್ಲಿ ಹರಪನಹಳ್ಳಿ ಎಂದೋ ಹಡಗಲಿ ಎಂದೋ ಊರಿನ ಹೆಸರೂ ಒಂದು ತಾರೀಖೂ ಉಳಿದಿದ್ದರೆ, ಆ ಸಾಲು ಕೃಷ್ಣಮೃಗವು ಯಾವ ಕಾಲದಲ್ಲಿ ಎಲ್ಲೆಲ್ಲಿ ಇತ್ತೆಂಬುದಕ್ಕೆ ಸಾಕ್ಷಿ. ಕೊಂಬಿನ ಬುಡದ ಮೂಳೆಯ ಚೂರಿನಿಂದ ಈಗಿನ ಹಿಂಡುಗಳೊಡನೆ ಅದರ ರಕ್ತಸಂಬಂಧವನ್ನೂ ಡಿಎನ್‌ಎ ಪರೀಕ್ಷೆಯಿಂದ ಗುರುತಿಸಬಹುದು. ಬೇಟೆಗಾರನು ತನ್ನ ಹೆಮ್ಮೆಗಾಗಿ ಬರೆದುಕೊಂಡ ಆ ಸ್ಥಳನಾಮ, ತಾರೀಖುಗಳನ್ನು ಬೆಂಕಿಗೆ ಹಾಕುವ ಮುನ್ನ ಒಮ್ಮೆ ನಕಲು ಮಾಡಿ, ಕೊಂಬಿನ ಅಳತೆಯನ್ನೂ ಒಂದು ಚಿತ್ರವನ್ನೂ ಜೊತೆಗಿಟ್ಟು, ಜಿಲ್ಲೆಯ ಅರಣ್ಯ ಕಚೇರಿಯಲ್ಲೋ ವಿಶ್ವವಿದ್ಯಾಲಯದಲ್ಲೋ ಎಲ್ಲರೂ ನೋಡುವಂತೆ ಇಡುವುದು ಹೆಚ್ಚು ಖರ್ಚಿನ ಕೆಲಸವಲ್ಲ. ಹುಲ್ಲುಗಾವಲುಗಳನ್ನು ಮರಳಿ ಬೆಳೆಸಲು ಮುಂದಾಗುವವರಿಗೆ ಈ ಐದು ತಾಲ್ಲೂಕುಗಳಲ್ಲಿ ಎಲ್ಲಿಂದ ಆರಂಭಿಸಬೇಕೆಂದು ಹೇಳುವ ದಾಖಲೆಗಳು ಅವುಗಳಿಗಿಂತ ಹೆಚ್ಚೇನೂ ಇಲ್ಲ.